ಎಂಟು ತಿಂಗಳು 60ರಲ್ಲಿ

ನನ್ನ ಮಾನಿಟರ್ 144 ಹರ್ಟ್ಜ್‌ನದು. ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಹೊಸದಾಗಿ ಬರೆಯಬಲ್ಲದು; ಇದಕ್ಕೆ ರಿಫ್ರೆಶ್ ರೇಟ್ ಅನ್ನುತ್ತಾರೆ. ತಂದ ದಿನವೇ ರಾತ್ರಿ ರೇಸಿಂಗ್ ಗೇಮ್ ಹಾಕಿ ಮೂರು ಲ್ಯಾಪ್ ಓಡಿಸಿದೆ. ಆಮೇಲೆ ತಮ್ಮನಿಗೆ ಮೆಸೇಜ್ ಕಳಿಸಿದೆ: "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡ್ತಿದೆ ಕಣೋ!"

ಎಂಟು ತಿಂಗಳಾದ ಮೇಲೆ ಅವನು ಮನೆಗೆ ಬಂದ. ಮೌಸ್ ಹಿಡಿದು ಡೆಸ್ಕ್‌ಟಾಪ್ ಮೇಲೆ ಗುಂಡಗೆ ಎರಡು ಸುತ್ತು ತಿರುಗಿಸಿದ, ಅಷ್ಟೇ.

"ಅಕ್ಕಾ, ಇದು 60ರಲ್ಲೇ ಓಡ್ತಿದೆ ಕಣೇ."

"ಸುಮ್ನಿರೋ. ಅದು 144ರದ್ದು. ಡಬ್ಬದ ಮೇಲೇ ಬರೆದಿದೆ."

"ಹಾಗಾದ್ರೆ ಡಬ್ಬ 144ರಲ್ಲಿ ಓಡ್ತಿರಬೇಕು."

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ, ಕೆಳಗೆಲ್ಲೋ ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ 60 ಅಂತ ತಣ್ಣಗೆ ಕೂತಿತ್ತು. ವಿಂಡೋಸ್ ಎಷ್ಟೋ ಸಲ ಹೊಸ ಮಾನಿಟರನ್ನು 60ರಲ್ಲೇ ಶುರು ಮಾಡುತ್ತದೆ. ಬದಲಾಯಿಸಬೇಕಾದವರು ನಾವು. ನಾನು ಬದಲಾಯಿಸಿರಲಿಲ್ಲ. ಹಾಗಾದರೆ ಆ ಬೆಣ್ಣೆ, ಆ ಕೂದಲು? ಎಲ್ಲಾ ನನ್ನ ತಲೆಯೊಳಗೇ ಇತ್ತು. ಇದನ್ನು ಬರೆಯೋಕೆ ನಾಚಿಕೆಯಾಗುತ್ತದೆ. ಆದರೆ ನಿಮ್ಮಲ್ಲೂ ಇಬ್ಬರು ಮೂವರು ಈಗ ಮೆಲ್ಲಗೆ ಸೆಟ್ಟಿಂಗ್ಸ್ ತೆರೆಯುತ್ತಿದ್ದೀರಿ, ಅಲ್ವಾ?

ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಪಟ್ಟಿಯಲ್ಲಿ 120ರವರೆಗೆ ಮಾತ್ರ ಇತ್ತು, 144 ಇರಲೇ ಇಲ್ಲ. ನಾನು ಹಳೇ ಮಾನಿಟರ್‌ನ ಎಚ್‌ಡಿಎಂಐ ಕೇಬಲ್ಲನ್ನೇ ಇದಕ್ಕೂ ಚುಚ್ಚಿದ್ದೆ. ಜೊತೆಗೆ ಬಂದಿದ್ದ ಡಿಸ್‌ಪ್ಲೇಪೋರ್ಟ್ ಕೇಬಲ್ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಡಬ್ಬದಲ್ಲೇ ಮಲಗಿತ್ತು. ಅದನ್ನು ಹಾಕಿದ ಮೇಲೆ 144 ಕಾಣಿಸಿತು.

ಮೊದಲು ವ್ಯತ್ಯಾಸ ಗೊತ್ತಾಗಿದ್ದು ಗೇಮ್‌ನಲ್ಲಲ್ಲ, ಕೆಲಸದಲ್ಲಿ. ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ದಿನಾ ಉದ್ದುದ್ದ ಕಡತಗಳನ್ನು ಮೇಲೆ ಕೆಳಗೆ ಉರುಳಿಸುತ್ತಾ ಇರುತ್ತೇನೆ. 60ರಲ್ಲಿ ಪುಟ ಓಡುವಾಗ ಒತ್ತಕ್ಷರಗಳೆಲ್ಲ ಕಲಸಿ ಹೋಗುತ್ತವೆ. ನಿಲ್ಲಿಸಿದ ಮೇಲೇ ಓದೋಕಾಗೋದು. 144ರಲ್ಲಿ ಪುಟ ನಿಧಾನಕ್ಕೆ ಓಡುತ್ತಿರುವಾಗಲೇ 'ಸ್ತ್ರ'ದ ಕೆಳಗಿನ ಕೊಂಕು ಕಾಣುತ್ತದೆ. ಲೆಕ್ಕ ಸುಲಭ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಏನಾದರೂ ಓಡುತ್ತಿದೆ ಅನ್ನಿ. 60 ಹರ್ಟ್ಜ್‌ನಲ್ಲಿ ಪ್ರತಿ ಚಿತ್ರ ಪರದೆಯ ಮೇಲೆ 16.7 ಮಿಲಿಸೆಕೆಂಡ್ ನಿಂತಿರುತ್ತದೆ. ಕಣ್ಣು ಮಾತ್ರ ಅಷ್ಟರಲ್ಲಿ 16 ಪಿಕ್ಸೆಲ್ ಮುಂದೆ ಹೋಗಿರುತ್ತದೆ. ಆ 16 ಪಿಕ್ಸೆಲ್ಲೇ ಮಸುಕು. 144ರಲ್ಲಿ ಅದು ಏಳಕ್ಕೂ ಕಡಿಮೆ.

ಗೇಮ್‌ಗೆ ಬಂದರೆ ಕಥೆ ಬೇರೆ. ಚಿತ್ರಗಳನ್ನು, ಅಂದರೆ ಫ್ರೇಮ್‌ಗಳನ್ನು, ತಯಾರಿಸಿ ಮಾನಿಟರ್‌ಗೆ ಕೊಡುವ ನನ್ನ ಗ್ರಾಫಿಕ್ಸ್ ಕಾರ್ಡ್ ಮಧ್ಯಮ ದರ್ಜೆಯದು. ಈ ರೇಸಿಂಗ್ ಗೇಮ್‌ನಲ್ಲಿ ಬಯಲು ರಸ್ತೆ ಇದ್ದರೆ ಸೆಕೆಂಡಿಗೆ 110 ಫ್ರೇಮ್ ಕೊಡುತ್ತದೆ. ಕಾಡು, ಮಳೆ, ಹತ್ತು ಕಾರು ಸೇರಿದರೆ 75ಕ್ಕೆ ಇಳಿಯುತ್ತದೆ. ಮಾನಿಟರ್ ಮಾತ್ರ ಯಾವುದನ್ನೂ ಲೆಕ್ಕಿಸದೆ 144 ಸಲ ಬಡಿಯುತ್ತಲೇ ಇರುತ್ತದೆ. ಇಬ್ಬರ ತಾಳವೂ ಕೂಡುವುದಿಲ್ಲ.

ತಾಳ ತಪ್ಪಿದ್ದನ್ನು ನೋಡಬೇಕೆಂದರೆ ನನಗೆ ಒಂದು ಜಾಗ ಗೊತ್ತಿತ್ತು. ಆ ಗೇಮ್‌ನ ಎರಡನೇ ಟ್ರ್ಯಾಕ್‌ನಲ್ಲಿ ಸೇತುವೆ ದಾಟಿದ ಕೂಡಲೇ ಎಡಕ್ಕೆ ಗಕ್ಕನೆ ತಿರುವು. ತಿರುವಿನಲ್ಲಿ ಒಂದು ದೀಪದ ಕಂಬ. ಕಾರು ತಿರುಗುವಾಗ ಕಂಬದ ತಲೆ ಒಂದು ಕಡೆ, ಬುಡ ಹೆಬ್ಬೆರಳಿನಷ್ಟು ಆಚೆ. ನಡುವೆ ಯಾರೋ ಕತ್ತರಿ ಹಾಕಿದ ಹಾಗೆ ಅಡ್ಡಗೆರೆ. ಇದಕ್ಕೆ ಟೇರಿಂಗ್ ಅನ್ನುತ್ತಾರೆ. ಮಾನಿಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಬರೆಯುತ್ತದೆ. ಅರ್ಧ ಬರೆದಿರುವಾಗ ಕಾರ್ಡ್ "ತಗೋ, ಹೊಸದು ಬಂತು" ಅಂತ ಚಿತ್ರ ಬದಲಾಯಿಸಿದರೆ ಮೇಲರ್ಧ ಹಳೇದು, ಕೆಳಗರ್ಧ ಹೊಸದು.

ಇದಕ್ಕೆ ಹಳೇ ಮದ್ದು ವಿ-ಸಿಂಕ್. ಮಾನಿಟರ್ ಒಂದು ಚಿತ್ರ ಪೂರ್ತಿ ಬರೆಯುವ ತನಕ ಹೊಸದನ್ನು ಕೊಡಬೇಡ ಅಂತ ಕಾರ್ಡ್‌ಗೆ ಕಟ್ಟು ಹಾಕುವುದು. ಸೀಳು ಹೋಗುತ್ತದೆ, ನಿಜ. ಆದರೆ 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ ತಯಾರಾಗಲು 16.7ರ ಬದಲು 17 ಮಿಲಿಸೆಕೆಂಡ್ ಆಯಿತು ಅನ್ನಿ. ಕೂದಲೆಳೆ ತಡ. ಅಷ್ಟಕ್ಕೇ ಅದು ಮುಂದಿನ ಸರದಿಯವರೆಗೆ ಕಾಯಬೇಕು. ಹಳೇ ಚಿತ್ರವೇ 33.3 ಮಿಲಿಸೆಕೆಂಡ್ ನಿಂತಿರುತ್ತದೆ. ಒಂದು ಫ್ರೇಮ್ ಹೀಗೆ, ಮುಂದಿನದು ಹಾಗೆ. ಕಾರು ಕುಂಟಿದ ಹಾಗೆ ಕಾಣುತ್ತದೆ. ಸ್ಟೀರಿಂಗ್ ತಿರುಗಿಸಿದ್ದು ಪರದೆಯ ಮೇಲೆ ಬರುವುದೂ ತಡ. ನಾನು ವಿ-ಸಿಂಕ್ ಹಾಕಿ ಎರಡು ದಿನ ಆಡಿ ತೆಗೆದುಬಿಟ್ಟೆ. ಕುಂಟುವ ಕಾರಿಗಿಂತ ಸೀಳಿದ ಕಂಬವೇ ವಾಸಿ ಅನಿಸಿತು.

"ನಿನ್ನ ಮಾನಿಟರ್‌ನಲ್ಲಿ ಫ್ರೀಸಿಂಕ್ ಇದೆ ಅಲ್ವೇನೇ, ಅದನ್ನ ಯಾಕೆ ಆನ್ ಮಾಡಿಲ್ಲ?" ಅಂದ ತಮ್ಮ.

"ನನ್ನದು ಎನ್‌ವಿಡಿಯಾ ಕಾರ್ಡ್. ಫ್ರೀಸಿಂಕ್ ಎಎಂಡಿಯವರದ್ದಲ್ವಾ?"

"ಅಕ್ಕಾ, ನೀನು ಇನ್ನೂ 2018ರಲ್ಲೇ ಇದ್ದೀಯ."

ಅವನು ಹೇಳಿದ್ದು ಸರಿ. 2013ರ ಅಕ್ಟೋಬರ್‌ನಲ್ಲಿ ಎನ್‌ವಿಡಿಯಾ, ಕಾರ್ಡ್‌ನ ತಾಳಕ್ಕೆ ಮಾನಿಟರೇ ಹೊಂದಿಕೊಳ್ಳುವ ಜಿ-ಸಿಂಕ್ ತೋರಿಸಿದಾಗ ಅದಕ್ಕೆ ಮಾನಿಟರ್‌ನೊಳಗೆ ಅವರದ್ದೇ ಒಂದು ಸರ್ಕ್ಯೂಟ್ ಬೋರ್ಡ್ ಬೇಕಿತ್ತು. 2014ರ ಮೇ ತಿಂಗಳಲ್ಲಿ ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಇದೇ ಕೆಲಸವನ್ನು ಅಡಾಪ್ಟಿವ್ ಸಿಂಕ್ ಅನ್ನುವ ಹೆಸರಲ್ಲಿ ಡಿಸ್‌ಪ್ಲೇಪೋರ್ಟ್ 1.2ಎಗೆ ಸೇರಿಸಿತು. ಎಎಂಡಿಯ ಫ್ರೀಸಿಂಕ್ ನಿಂತಿರುವುದು ಅದರ ಮೇಲೆ. 2015ರಲ್ಲಿ ಅಂಥ ಮಾನಿಟರ್‌ಗಳು ಮಾರುಕಟ್ಟೆಗೆ ಬಂದವು. ಆಮೇಲೆ ಕೆಲವು ವರ್ಷ ಎರಡು ಪಂಗಡ: ಈ ಕಾರ್ಡ್ ಇದ್ದರೆ ಈ ಮಾನಿಟರ್, ಆ ಕಾರ್ಡ್ ಇದ್ದರೆ ಆ ಮಾನಿಟರ್. 2019ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಡ್ರೈವರ್‌ನಲ್ಲಿ, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್‌ನಲ್ಲಿ, ಬಾಗಿಲು ತೆರೆಯಿತು. ಜಿಟಿಎಕ್ಸ್ 10 ಸರಣಿ ಮತ್ತು ಆಮೇಲಿನ ಕಾರ್ಡ್‌ಗಳು ಡಿಸ್‌ಪ್ಲೇಪೋರ್ಟ್ ಮೂಲಕ ಅಡಾಪ್ಟಿವ್ ಸಿಂಕ್ ಮಾನಿಟರ್‌ಗಳ ಜೊತೆ ಕೆಲಸ ಮಾಡತೊಡಗಿದವು. ಮತ್ತೆ ಅದೇ ಡಿಸ್‌ಪ್ಲೇಪೋರ್ಟ್, ನೋಡಿ. ಕವರ್ ಬಿಚ್ಚದ ಆ ಕೇಬಲ್!

ಆನ್ ಮಾಡಲು ಎರಡು ಕಡೆ ಕೈ ಹಾಕಬೇಕಾಯಿತು. ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಒಂದು, ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇನ್ನೊಂದು. ಮಾನಿಟರ್‌ನ ಬೆನ್ನ ಹಿಂದಿನ ಆ ಪುಟ್ಟ ಗುಂಡಿಯನ್ನು ಕುರುಡು ಕೈಯಲ್ಲಿ ತಡಕಾಡಿ ಒತ್ತುವುದು ಒಂದು ಶಿಕ್ಷೆ. ಎರಡು ಸಲ ಪವರ್ರೇ ಆಫ್ ಆಯಿತು.

ಅಡಾಪ್ಟಿವ್ ಸಿಂಕ್ ಮಾಡುವ ಕೆಲಸ ಕೇಳಿದರೆ ಇಷ್ಟೇನಾ ಅನಿಸುತ್ತದೆ. ದಪ್ಪ ಗಾಜಿನ ಹಳೇ ಮಾನಿಟರ್‌ಗಳ ಕಾಲದಲ್ಲಿ ಕೊನೇ ಸಾಲು ಬರೆದ ಮೇಲೆ ಎಲೆಕ್ಟ್ರಾನ್ ಕಿರಣ ಮತ್ತೆ ಮೇಲಿನ ಮೂಲೆಗೆ ಹೋಗಲು ಒಂದಿಷ್ಟು ಬಿಡುವು ಬೇಕಿತ್ತು. ಈಗ ಕಿರಣವೂ ಇಲ್ಲ, ಮೂಲೆಗೆ ಓಡುವುದೂ ಇಲ್ಲ. ಆದರೆ ಎರಡು ಚಿತ್ರಗಳ ನಡುವಿನ ಆ ಬಿಡುವು ಸಿಗ್ನಲ್‌ನಲ್ಲಿ ಹಾಗೇ ಉಳಿದುಕೊಂಡಿದೆ. ಅಡಾಪ್ಟಿವ್ ಸಿಂಕ್ ಆ ಬಿಡುವನ್ನೇ ಹಿಗ್ಗಿಸುತ್ತದೆ. ಹೊಸ ಫ್ರೇಮ್ ಬರುವ ತನಕ ಮಾನಿಟರ್ ಹಳೇ ಚಿತ್ರ ಹಿಡಿದುಕೊಂಡು ಕಾಯುತ್ತದೆ. ಬಂದ ಕೂಡಲೇ ಬರೆಯುತ್ತದೆ.

ಚಿಕ್ಕವರಿದ್ದಾಗ ಹಗ್ಗದಾಟ ಆಡಿದ್ದೀರಲ್ಲ, ಇಬ್ಬರು ಹಗ್ಗ ತಿರುಗಿಸುವುದು, ಒಬ್ಬರು ಹಾರುವುದು? ಹಗ್ಗ ನೋಡದೆ ಹಾರಿದರೆ ಕಾಲಿಗೆ ಬೀಳುತ್ತದೆ. ಅದು ಟೇರಿಂಗ್. ಹಗ್ಗಕ್ಕಾಗಿ ಕಾದು ಕಾದು ಹಾರುವುದು ವಿ-ಸಿಂಕ್. ಇಲ್ಲಿ ಹಗ್ಗ ತಿರುಗಿಸುವವರೇ ನಿಮ್ಮ ಕಾಲು ನೋಡಿಕೊಂಡು ತಿರುಗಿಸುತ್ತಾರೆ.

ಆದರೆ ಹಗ್ಗವನ್ನು ಗಾಳಿಯಲ್ಲಿ ಎಷ್ಟು ಹೊತ್ತು ಹಿಡಿದಿರೋಕಾಗುತ್ತದೆ? ನನ್ನ ಮಾನಿಟರ್‌ನ ಮಿತಿ 48ರಿಂದ 144. ಫ್ರೇಮ್ 48ಕ್ಕಿಂತ ಕಡಿಮೆಯಾದರೆ ಅದೇ ಫ್ರೇಮನ್ನು ಎರಡು ಸಲ ತೋರಿಸುತ್ತದೆ. ಗೇಮ್ 45ರಲ್ಲಿದ್ದರೆ ಮಾನಿಟರ್ 90ರಲ್ಲಿ. ಇದು ಸರಿಯಾಗಿ ನಡೆಯಬೇಕಾದರೆ ಮೇಲಿನ ಮಿತಿ ಕೆಳಗಿನ ಮಿತಿಯ ಎರಡರಷ್ಟಾದರೂ ಇರಬೇಕು. 48ರಿಂದ 75 ಅಂತ ಬರೆದಿರುವ ಮಾನಿಟರ್‌ಗಳಲ್ಲಿ ಈ ಅನುಕೂಲ ಸಿಗದಿರುವುದಕ್ಕೆ ಅದೇ ಕಾರಣ. ಫ್ರೀಸಿಂಕ್ ಅನ್ನುವ ಚೀಟಿ ಅದಕ್ಕೂ ಅಂಟಿಸಿರುತ್ತಾರೆ, ಇದಕ್ಕೂ ಅಂಟಿಸಿರುತ್ತಾರೆ. ಕೊಳ್ಳುವಾಗ ಚೀಟಿ ಬಿಟ್ಟು ಆ ಎರಡು ಅಂಕಿ ಹುಡುಕಿ.

ಮೇಲ್ಗಡೆಯೂ ಅಷ್ಟೇ. ಹಳೇ ಗೇಮ್ ಹಾಕಿದರೆ ಕಾರ್ಡ್ 200 ಫ್ರೇಮ್ ಎಸೆಯುತ್ತದೆ. 144 ದಾಟಿದ ಮೇಲೆ ಮಾನಿಟರ್ ಕಾಯುವ ಪ್ರಶ್ನೆಯೇ ಇಲ್ಲ, ಮತ್ತೆ ಸೀಳು ಶುರು. ಅದಕ್ಕೇ ಫ್ರೇಮ್‌ಗೆ 141ರ ಮಿತಿ ಹಾಕಿಟ್ಟಿದ್ದೇನೆ. ಮೂರು ಫ್ರೇಮ್ ಬಿಟ್ಟುಕೊಟ್ಟರೆ ಏನೂ ಮುಳುಗಿ ಹೋಗುವುದಿಲ್ಲ.

ಇನ್ನು ಕಂಬ. ಸೇತುವೆ ದಾಟಿದೆ, ಎಡಕ್ಕೆ ತಿರುಗಿಸಿದೆ. ಕಂಬ ಇಡಿಯಾಗಿ ಸರಿದು ಹೋಯಿತು. ಮೂಲೆಯಲ್ಲಿ ಫ್ರೇಮ್‌ಗಳ ಅಂಕಿ 83 ಅಂತ ತೋರಿಸುತ್ತಿತ್ತು. ಬಯಲಿಗೆ ಬಂದಾಗ 108. ನನ್ನ ಕಣ್ಣಿಗೆ ಆ ಎರಡರ ನಡುವೆ ಏನೂ ಮುಗ್ಗರಿಸಿದ ಹಾಗೆ ಕಾಣಲಿಲ್ಲ. ತಮ್ಮನನ್ನು ಎಬ್ಬಿಸಿ ಅದೇ ತಿರುವನ್ನು ಆರು ಸಲ ತೋರಿಸಿದೆ. "ಗೊತ್ತಾಯ್ತು ಕಣೇ, ಮಲಗ್ತೀನಿ" ಅಂದ.

ಇಲ್ಲಿಯವರೆಗೆ ಓದಿದವರು ಇದು ಸರ್ವರೋಗಕ್ಕೂ ಮದ್ದು ಅಂದುಕೊಳ್ಳಬೇಡಿ. ಗೇಮ್‌ನಲ್ಲೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತಗೊಂಡರೆ ಮಾನಿಟರ್ ಏನು ಮಾಡೀತು ಪಾಪ? ಹೊಸ ಜಾಗಕ್ಕೆ ಹೋದಾಗ ಗಕ್ ಅಂತ ನಿಲ್ಲುವ ಗೇಮ್‌ಗಳು ಈಗಲೂ ಗಕ್ ಅಂತಲೇ ನಿಲ್ಲುತ್ತವೆ.

ಇನ್ನೊಂದು ಕಾಟ ನನಗೆ ಗುಹೆಯಲ್ಲಿ ಸಿಕ್ಕಿತು. ನನ್ನದು ವಿಎ ಪ್ಯಾನೆಲ್, ಎಲ್‌ಸಿಡಿ ಪರದೆಯ ಒಂದು ಬಗೆ. ಒಂದು ಸಾಹಸದ ಗೇಮ್‌ನಲ್ಲಿ ಕತ್ತಲ ಗುಹೆಯೊಳಗೆ ಹೋದೆ. ಗೋಡೆಗಳು ಮಿಣಮಿಣ ಅನ್ನತೊಡಗಿದವು. ಪಂಜಿನ ಬೆಳಕು ಎಷ್ಟು ಚೆನ್ನಾಗಿ ಮಾಡಿದ್ದಾರಪ್ಪ ಅಂದುಕೊಂಡೆ. ಆಮೇಲೆ ನೋಡಿದರೆ ನನ್ನ ಕೈಯಲ್ಲಿ ಪಂಜೇ ಇರಲಿಲ್ಲ! ರಿಫ್ರೆಶ್ ರೇಟ್ ಏರಿ ಇಳಿದಾಗ ಇಂಥ ಪ್ಯಾನೆಲ್‌ಗಳಲ್ಲಿ ಕಪ್ಪು-ಬೂದು ಬಣ್ಣಗಳ ಹೊಳಪು ತುಸು ಬದಲಾಗುತ್ತದೆ. ಬೆಳಕಿನ ದೃಶ್ಯದಲ್ಲಿ ಗೊತ್ತೇ ಆಗುವುದಿಲ್ಲ, ಕತ್ತಲಲ್ಲಿ ಕಣ್ಣಿಗೆ ಹೊಡೆಯುತ್ತದೆ. ಒಎಲ್‌ಇಡಿ ಪರದೆಗಳಲ್ಲೂ ಈ ದೂರು ಇದೆ. ಫ್ರೇಮ್ 48ರ ಅಂಚಿನಲ್ಲಿ ಓಲಾಡುತ್ತಿದ್ದರಂತೂ ಕೇಳಲೇಬೇಡಿ. 49ರಲ್ಲಿ ಮಾನಿಟರೂ 49, 47ಕ್ಕೆ ಇಳಿದರೆ ಮಾನಿಟರ್ 94ಕ್ಕೆ ನೆಗೆತ. ನಾನು ಆ ಗೇಮ್‌ನ ನೆರಳಿನ ಗುಣಮಟ್ಟ ಇಳಿಸಿ ಫ್ರೇಮನ್ನು 70ರ ಮೇಲಕ್ಕೆ ತಂದೆ. ಮಿಣುಕು ಪೂರ್ತಿ ಹೋಗಲಿಲ್ಲ, ತಡೆದುಕೊಳ್ಳುವಷ್ಟಾಯಿತು.

ತಮ್ಮನಿಗೆ 240 ಹರ್ಟ್ಜ್‌ನದು ಕೊಳ್ಳುವ ಆಸೆ. ಅವನು ಆಡುವುದು ಗುಂಡು ಹಾರಿಸುವ ಗೇಮ್‌ಗಳು, ಅವನ ಕಾರ್ಡ್‌ಗೂ ಆ ಶಕ್ತಿ ಇದೆ. ನಾನು ಕಾಗದದ ಮೇಲೆ ಬರೆದು ತೋರಿಸಿದೆ. 60ರಿಂದ 144ಕ್ಕೆ ಹೋದರೆ ಪ್ರತಿ ಚಿತ್ರಕ್ಕೆ 9.7 ಮಿಲಿಸೆಕೆಂಡ್ ಉಳಿತಾಯ. 144ರಿಂದ 240ಕ್ಕೆ ಹೋದರೆ ಬರೀ 2.8. 240ರಿಂದ 360ಕ್ಕೆ 1.4. ಅಂಕಿ ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ, ಕೈಗೆ ಸಿಗುವುದು ಚಿಕ್ಕದಾಗುತ್ತಾ ಹೋಗುತ್ತದೆ. ನನ್ನಂಥವರಿಗೆ, ಅಂದರೆ ಕಾರ್ಡ್ 80-110ರ ನಡುವೆ ಏದುಸಿರು ಬಿಡುತ್ತಿರುವವರಿಗೆ, 144 ಮತ್ತು ಸರಿಯಾಗಿ ಕೆಲಸ ಮಾಡುವ ಅಡಾಪ್ಟಿವ್ ಸಿಂಕ್ ಸಾಕು. ಸಾಕು ಅನ್ನುವುದಕ್ಕಿಂತ, ಅದೇ ಜಾಸ್ತಿ.

"60 ಅಂತ ಗೊತ್ತಾಗದೆ ಎಂಟು ತಿಂಗಳು ಆಡಿದವಳು ನನಗೆ ಹೇಳೋಕೆ ಬರ್ತೀಯಾ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗಿನ ಸುದ್ದಿ ಇಷ್ಟು. ಪರದೆಯ ಮೂಲೆಯಲ್ಲಿ ಓಡುವ ಆ ಅಂಕಿ ನನಗೆ ಚಟವಾಗಿಬಿಟ್ಟಿತ್ತು. 87, 91, 84, ಮತ್ತೆ 90. ರಸ್ತೆ ನೋಡುವುದು ಬಿಟ್ಟು ಅದನ್ನೇ ನೋಡುತ್ತಾ ಎರಡು ಸಲ ಆ ಕಂಬಕ್ಕೇ ಗುದ್ದಿದೆ. ಮೊನ್ನೆ ಅದನ್ನೂ ಆಫ್ ಮಾಡಿದೆ. ಲ್ಯಾಪ್ ಟೈಮ್ ಏನೂ ಸುಧಾರಿಸಿಲ್ಲ.