ಕಡಲ ಸಿಂಹ ನೋಡಲು ಹೊರಡುವ ಹಾಸನದವರಿಗೆ

ಆಸ್ಟ್ರೇಲಿಯಾದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವವರು ನಮ್ಮ ಹಾಸನದಲ್ಲೂ ಈಗ ಜಾಸ್ತಿ. ಸಿಡ್ನಿ, ಮೆಲ್ಬರ್ನ್ ಆದಮೇಲೆ ಇನ್ನೆರಡು ದಿನ ಉಳಿದರೆ, ದಯವಿಟ್ಟು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಕಾಂಗರೂ ದ್ವೀಪದಲ್ಲಿರುವ ‘ಸೀಲ್ ಬೇ’ ಕಡಲತೀರಕ್ಕೆ ಹೋಗಿ. ಅಲ್ಲಿನ ಜಾತಿಯ ಕಡಲ ಸಿಂಹಗಳು (ಸೀಲ್‌ಗಳನ್ನು ಹೋಲುವ ಸೀ ಲಯನ್) ಜಗತ್ತಿನಲ್ಲಿ ಆಸ್ಟ್ರೇಲಿಯಾ ಬಿಟ್ಟು ಬೇರೆಲ್ಲೂ ಇಲ್ಲ.

ಅಡಿಲೇಡ್‌ನಿಂದ ಕೇಪ್ ಜರ್ವಿಸ್‌ಗೆ ಕಾರಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ದ್ವೀಪದ ಪೆನೆಶಾ ಊರಿಗೆ ಫೆರ‍್ರಿ, 45 ನಿಮಿಷ. ಕಾರನ್ನೂ ಹತ್ತಿಸಬಹುದು, ಮುಂಗಡ ಬುಕ್ ಮಾಡಿ. ಮಗಳಿಗೆಂದು ಕಟ್ಟಿಕೊಂಡ ಮಲೆನಾಡಿನ ಜೇನುತುಪ್ಪ ಮಾತ್ರ ದ್ವೀಪಕ್ಕೆ ಬೇಡ. ಅಲ್ಲಿನ ಲಿಗೂರಿಯನ್ ಎಂಬ ಇಟಲಿ ಮೂಲದ ಜೇನ್ನೊಣಗಳಿಗೆ 1885ರಿಂದ ಕಾನೂನಿನ ರಕ್ಷಣೆ ಇದೆ. ಅವಕ್ಕೆ ರೋಗ ತಗಲದಿರಲೆಂದು ಹೊರಗಿನ ಜೇನುತುಪ್ಪ ಒಳಗೆ ಬಿಡುವುದಿಲ್ಲ. ಆಲೂಗಡ್ಡೆಗೂ ನಿರ್ಬಂಧವಿದೆ.

ಸೀಲ್ ಬೇಯಲ್ಲಿ ಎರಡು ಬಗೆಯ ಟಿಕೆಟ್. ಮರದ ಹಲಗೆ ದಾರಿಯಲ್ಲಿ ನಾವೇ ನಡೆದು ನೋಡುವುದು ಅಗ್ಗ. ಆದರೂ ಗೈಡ್ ಜೊತೆ ಮರಳಿಗೆ ಇಳಿಯುವ ಟಿಕೆಟನ್ನೇ ತೆಗೆದುಕೊಳ್ಳಿ. ಮರಳಲ್ಲಿ ಬಿದ್ದುಕೊಂಡ ಪ್ರಾಣಿಗಳನ್ನು ಕಂಡು ‘ಇವು ಬರೀ ಮಲಗಿವೆಯಲ್ಲ’ ಎನಿಸುತ್ತದೆ. ಆ ನಿದ್ದೆಯ ಹಿಂದೆ ದೊಡ್ಡ ದುಡಿಮೆ ಇದೆ. ತಾಯಂದಿರು ದಿನಗಟ್ಟಲೆ ಕಡಲಲ್ಲೇ ಇದ್ದು, ತಳದವರೆಗೂ ಮುಳುಗಿ ಮೀನು, ಆಕ್ಟೋಪಸ್ ಹಿಡಿದು, ಸೋತು ದಡಕ್ಕೆ ಬಂದಿರುತ್ತಾರೆ. ಮರಿಗೆ ಹಾಲು ಕೊಟ್ಟು ಮತ್ತೆ ಹೊರಡಬೇಕು. ಅವನ್ನು ಎಬ್ಬಿಸಲು ಶಿಳ್ಳೆ, ಚಪ್ಪಾಳೆ ಬೇಡವೇ ಬೇಡ. ಮಕ್ಕಳಿಗೆ ಮೊದಲೇ ಹೇಳಿಡಿ.

ಮರಿ ನೋಡಲು ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರೆ ಉತ್ತರ ಕಷ್ಟ. ಇವು ಮರಿ ಹಾಕುವುದು ಸುಮಾರು ಹದಿನೇಳು ಹದಿನೆಂಟು ತಿಂಗಳಿಗೊಮ್ಮೆ. ಹಾಗಾಗಿ ಪ್ರತಿ ಸಲವೂ ಕಾಲ ಬದಲಾಗುತ್ತದೆ. ಒಂದು ಸಲಕ್ಕೆ ಒಂದೇ ಮರಿ. ಹೆಣ್ಣುಗಳು ಹುಟ್ಟಿದ ದಡ ಬಿಟ್ಟು ಬೇರೆಡೆ ನೆಲೆಸುವುದು ಅಪರೂಪ. ಒಂದು ದಡದಲ್ಲಿ ಸಂತತಿ ಕುಸಿದರೆ ಪಕ್ಕದ ದಡದಿಂದ ಬಂದು ತುಂಬುವವರಿಲ್ಲ. ಹಿಂದೆ ಚರ್ಮಕ್ಕಾಗಿ, ಎಣ್ಣೆಗಾಗಿ ಕೊಂದರು. ಆಮೇಲೆ ಶಾರ್ಕ್ ಹಿಡಿಯುವ ಗಿಲ್‌ನೆಟ್ ಬಲೆಗಳಲ್ಲಿ ಸಿಕ್ಕಿ ಉಸಿರುಗಟ್ಟಿ ಸತ್ತವು. ಜಗತ್ತಿನ ಜೀವಿಗಳ ಸ್ಥಿತಿ ದಾಖಲಿಸುವ ಸಂಸ್ಥೆ ಐಯುಸಿಎನ್ 2008ರಲ್ಲೇ ಇವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಈಗ ಅವುಗಳ ನೆಲೆಗಳ ಸುತ್ತ ಅಂಥ ಬಲೆ ಬಿಡುವಂತಿಲ್ಲ, ದೋಣಿಗಳಲ್ಲಿ ಕ್ಯಾಮೆರಾ ಇವೆ. ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳು ಬಿದ್ದು ಸಾಯುವ ಮರಿಗಳಿಗೆ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಸೀಲ್ ಬೇಯಲ್ಲಿ ಔಷಧಿ ಹಾಕಿ ನೋಡಿದ್ದಾರೆ. ಇಷ್ಟು ಶ್ರಮ ಕಂಡಮೇಲೆ ಟಿಕೆಟ್ ದುಬಾರಿ ಅನಿಸಲಿಲ್ಲ.

ಗಾಳಿ ಜೋರು, ಬೇಸಿಗೆಯಲ್ಲೂ ಜಾಕೆಟ್ ಇರಲಿ. ಬೆಳಗಿನ ಹೊತ್ತಿಗೇ ಬುಕ್ ಮಾಡಿ. ಸಕಲೇಶಪುರದ ಕಡೆ ಆನೆ ಭಯಕ್ಕೆ ಸಂಜೆ ರಸ್ತೆಗಿಳಿಯಲು ಹಿಂಜರಿಯುತ್ತೇವಲ್ವಾ, ಅಲ್ಲಿ ಕಾಂಗರೂ, ಅದರ ಚಿಕ್ಕ ಬಳಗದ ವಾಲಬಿಗಳು ಕತ್ತಲಾಗುತ್ತಲೇ ರಸ್ತೆಗೆ ಹಾರುತ್ತವೆ. ಬೆಳಕಿರುವಾಗಲೇ ರೂಮು ಸೇರಿಕೊಳ್ಳಿ.