ಡಾಕ್ಟರು ನಗರಾಧ್ಯಕ್ಷರಾದ ಮೇಲೆ

ಔಷಧ ಕಂಪನಿಯ ರೆಪ್ ಆಗಿ ಪುಣೆ–ಸೋಲಾಪುರ ರಸ್ತೆಯ ಊರೂರು ಅಲೆಯುವ ನನಗೆ ಕಾಯುವುದೇ ಅರ್ಧ ಕೆಲಸ. ಒಂದು ಸಣ್ಣ ಊರಲ್ಲಿ ಮಾತ್ರ ಅದು ಬೇಸರ ತರುತ್ತಿರಲಿಲ್ಲ. ಅಲ್ಲಿನ ಡಾಕ್ಟರು ವಿಜಯಪುರದ ಕಡೆಯವರು. ಪೇಶಂಟುಗಳ ಜೊತೆ ಮರಾಠಿ, ನನಗೆ "ಬರ್ರಿ, ಚಾ ಕುಡೀರಿ".

ಊರಿನ ನಗರ ಪರಿಷತ್ತಿನ ಮುಖ್ಯಸ್ಥರಾದ ನಗರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಮಹಾರಾಷ್ಟ್ರದಲ್ಲಿ 2016ರಲ್ಲಿ ಮತ್ತೆ ಬಂತು. ಊರಿನವರ ಒತ್ತಾಯಕ್ಕೆ ಡಾಕ್ಟರು ನಿಂತರು, ನೋಟು ರದ್ದಾದ ಗದ್ದಲದಲ್ಲೇ ಗೆದ್ದರು. ಹಳೇ ಐನೂರರ ನೋಟು ತಂದವರಿಗೆ ಫೀಸು ಬಿಟ್ಟದ್ದೇ ಪ್ರಚಾರವಾಯಿತೆಂದು ಜನ ನಗುತ್ತಿದ್ದರು. ಸದಸ್ಯರಲ್ಲಿ ಹೆಚ್ಚಿನವರು ಎದುರು ಪಕ್ಷದವರು, ಫೈಲಿಗೆ ಸಹಿ ಬೀಳಬೇಕಾದ್ದು ಸರ್ಕಾರ ಕಳಿಸಿದ ಮುಖ್ಯಾಧಿಕಾರಿಯದು. ಕ್ಲಿನಿಕ್ಕನ್ನು ಡಾಕ್ಟರು ಮುಚ್ಚದಿದ್ದುದು ಜಾಣತನವೇ.

ಮಳೆಗಾಲದ ಒಂದು ಬೆಳಿಗ್ಗೆ ಹೋದರೆ ಬೆಂಚಿನ ತುಂಬ ಕಾಮಾಲೆ. ಎಲ್ಲರಿಗೂ ಡಾಕ್ಟರದು ಮೊದಲು ಒಂದೇ ಪ್ರಶ್ನೆ, ಮನೆ ಎಲ್ಲಿ? ಎಲ್ಲರೂ ಒಂದೇ ಗಲ್ಲಿಯವರು. ಲಿವರ್ ಸಿರಪ್ಪಿನ ಮಾತು ತೆಗೆಯಲು ಅದಕ್ಕಿಂತ ಒಳ್ಳೆ ಗಳಿಗೆ ಸಿಗುತ್ತಿರಲಿಲ್ಲ. ಅವರು ಕೈ ಅಡ್ಡ ಹಿಡಿದರು.

"ಇದು ಈ ವಾರದ ನೀರಲ್ರೀ. ಹೆಪಟೈಟಿಸ್ ಇ ಹೊಟ್ಟಿ ಸೇರಿ ಕಣ್ಣಿಗೆ ಹಳದಿ ಬರೂದ್ರಾಗ ತಿಂಗಳ ಮ್ಯಾಲ ಆಗಿರತದ. ಇವತ್ತ ಪೈಪ್ ಸರಿ ಮಾಡಿದ್ರೂ ಮುಂದಿನ ತಿಂಗಳೂ ಪೇಶಂಟ್ ಬರತಾರ. ಅಧ್ಯಕ್ಷ ಏನೂ ಮಾಡ್ಲಿಲ್ಲ ಅಂತಾರ."

ಸಂಜೆ ನೀರು ಬಿಡುವ ಹೊತ್ತಿಗೆ ನಾನೂ ಬೆನ್ನು ಹತ್ತಿದೆ. ಡಾಕ್ಟರ ಜೇಬಿನಲ್ಲಿ ಗಾಜಿನ ಸಣ್ಣ ನಳಿಗೆ, ನೀರಿನ ಕ್ಲೋರಿನ್ ಪರೀಕ್ಷಿಸುವ ಆರ್ಥೋಟಾಲಿಡಿನ್ ದ್ರವದ ಶೀಸೆ. ನಲ್ಲಿ ನೀರಿನಲ್ಲಿ ಲೀಟರಿಗೆ ಕಡೇಪಕ್ಷ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದ್ದರೆ ಹನಿ ಬಿದ್ದೊಡನೆ ನೀರು ಹಳದಿಯಾಗುತ್ತದೆ. ಗಲ್ಲಿಯ ಬಾಯಲ್ಲಿ ಚೆನ್ನಾಗಿ ಹಳದಿ. ನಡುವಿಗೆ ಬಂದಾಗ ತೆಳು. ತುದಿಯ ಮನೆಯಲ್ಲಿ ಬರೀ ನೀರು.

ಆ ಗಲ್ಲಿಯಲ್ಲಿ ಮನೆಗಳ ಪೈಪುಗಳು ಗಟಾರದೊಳಗಿಂದಲೇ ಹಾದಿದ್ದವು. ಅದೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಒತ್ತಡ ಸಾಲದೆಂದು ಜನ ನಗರ ಪರಿಷತ್ತಿನ ಲೈನಿಗೇ ಮೋಟಾರು ಹಚ್ಚಿದ್ದರು. ಮೋಟಾರು ಎಳೆದಾಗ ಪೈಪು ಒಳಗಿಂದ ಹೀರುತ್ತದೆ, ಸಂದಿಯಲ್ಲಿ ಬಿರುಕಿದ್ದರೆ ಗಟಾರವೂ ಒಳಬರುತ್ತದೆ. ಎಲ್ಲಕ್ಕಿಂತ ದೊಡ್ಡ ಮೋಟಾರಿನ ಮಾಲೀಕ, ಗೆದ್ದ ದಿನ ಡಾಕ್ಟರಿಗೆ ಮೊದಲ ಹಾರ ಹಾಕಿದವನು.

"ಡಾಕ್ಟರ್ ಸಾಹೇಬ್, ನಮ್ಮ ಇಡೀ ಮನೆ ನಿಮಗೇ ಮತ ಹಾಕಿದೆ" ಎಂದ ಮರಾಠಿಯಲ್ಲಿ.

"ಮೋಟಾರು ಮತ ಹಾಕಿಲ್ಲವಲ್ಲ" ಎಂದರು ಡಾಕ್ಟರು, ಜೊತೆಗಿದ್ದ ಪ್ಲಂಬರಿನ ಕಡೆ ತಿರುಗಿ.

ಮೊದಲು ಬಿಚ್ಚಿದ್ದು ಅದನ್ನೇ. ಪೈಪನ್ನು ಗಟಾರದಿಂದ ಮೇಲೆತ್ತುವ ಕೆಲಸ ಮಾತ್ರ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಎಂದು ಎಳೆದಾಡಿತು. ಅಷ್ಟರಲ್ಲಿ ಮೋಟಾರುಗಳು ಒಂದೊಂದಾಗಿ ವಾಪಸು ಬಂದವು, ಡಾಕ್ಟರೂ ಮತ್ತೆ ಬಿಚ್ಚಿಸಿದರು. ಮುಂದಿನ ತಿಂಗಳೂ ಪೇಶಂಟುಗಳು ಬಂದರು, ಅವರು ಹೇಳಿದಂತೆಯೇ ಬೈದರು, ಬೈದು ಅವರಲ್ಲೇ ಔಷಧ ತೆಗೆದುಕೊಂಡರು.

ಅವಧಿ ಮುಗಿಯಿತು, ಚುನಾವಣೆ ನಡೆಯದೆ ಆಡಳಿತಾಧಿಕಾರಿ ಬಂದು ಕೂತರು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಕಡೆ ನರಗಳಿಗೆ ತಗಲಿ ಕೈಕಾಲಿನ ಬಲ ಕುಂದಿಸುವ ಗಿಲಿಯನ್ ಬಾರೆ ಕಾಯಿಲೆ ಹಬ್ಬಿದಾಗ ಡಾಕ್ಟರ ಫೋನ್ ಬಂತು. ನನ್ನ ಮನೆ ಅಲ್ಲೇ. ಹೇಗಿದ್ದೀರಿ ಎಂದು ಕೇಳಲಿಲ್ಲ. "ನೀರು ಕುದಿಸ್ತೀರಿಲ್ಲೋ?"

ಅದೇ ವರ್ಷದ ಕೊನೆಗೆ ಚುನಾವಣೆ ಬಂದಾಗ ಆ ಊರಿನ ಅಧ್ಯಕ್ಷ ಸ್ಥಾನ ಚೀಟಿ ಎತ್ತಿದಾಗ ಮಹಿಳೆಗೆ ಹೋಯಿತು. ಪಕ್ಷದವರು ಡಾಕ್ಟರ ಹೆಂಡತಿಯನ್ನು ನಿಲ್ಲಿಸಿ ಎಂದು ಮನೆಗೇ ಬಂದರು.

"ನಾ ನಿಂತ್ರ ಮೊದಲ ಇವರ ಕ್ಲಿನಿಕ್ಕಿನ ಪೈಪ್ ನೋಡತೀನಿ, ನಡೀತದೇನು?" ಎಂದು ಕೇಳಿದ ಅವರು ಎಲ್ಲರಿಗೂ ಚಾ ಕೊಟ್ಟು ಕಳಿಸಿದರು.