ಇತುರಿಯಲ್ಲಿ ಪಟ್ಟಿ ಬರೆಯುವ ಕೆಲಸ

ಕಾಂಗೋ ದೇಶದ ಈಶಾನ್ಯ ಮೂಲೆಯಲ್ಲಿ, ಉಗಾಂಡಾ ಗಡಿಗೆ ಅಂಟಿಕೊಂಡು ಇತುರಿ ಅನ್ನುವ ಪ್ರಾಂತ್ಯ ಇದೆ. ಅದರ ರಾಜಧಾನಿ ಬುನಿಯಾದಲ್ಲಿ ಒಂದು ಪರಿಹಾರ ಸಂಸ್ಥೆಯ ಸರಬರಾಜು ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಜೋಳದ ಹಿಟ್ಟು, ಬೀನ್ಸ್, ಎಣ್ಣೆ, ಟಾರ್ಪಾಲು, ಬಿತ್ತನೆ ಬೀಜ, ಇವನ್ನೆಲ್ಲ ಗೋದಾಮಿನಿಂದ ಹಳ್ಳಿಗಳಿಗೆ, ನಿರಾಶ್ರಿತರ ಶಿಬಿರಗಳಿಗೆ ತಲುಪಿಸೋದು ನಮ್ಮ ಕೆಲಸ. ಊರಿಗೆ ಬಂದಾಗ ಸ್ನೇಹಿತರು ಕೇಳುತ್ತಾರೆ: ಅಲ್ಲಿ ದನ ಸಾಕುವವರಿಗೂ ಬೇಸಾಯ ಮಾಡುವವರಿಗೂ ಜಗಳ, ಅಷ್ಟೇ ಅಲ್ವಾ? ಹೆಮಾ ಜನ ಹೆಚ್ಚಾಗಿ ದನ ಸಾಕುವವರು, ಲೆಂಡು ಜನ ಹೆಚ್ಚಾಗಿ ಬೇಸಾಯ ಮಾಡುವವರು, ಅದು ನಿಜ. ಆದರೆ ಅಷ್ಟರಿಂದಲೇ ಯಾರೂ ಐವತ್ತು ಸಾವಿರ ಜನರನ್ನು ಕೊಲ್ಲೋದಿಲ್ಲ. ಹೆಮಾ, ಲೆಂಡುಗಳ ನಡುವಿನ ಈ ಯುದ್ಧದ ಬೇರು ಹುಡುಕುತ್ತಾ ಹೋದರೆ ಸಿಗೋದು ಕಚೇರಿಯ ಕಾಗದ. ಜಮೀನಿನ ಪತ್ರ, ನೇಮಕದ ಆದೇಶ. ಇದು ಮನಸ್ಸಿಗೆ ಇಳಿದ ಮೇಲೆ ನಾನು ಬರೆಯುವ ಪಟ್ಟಿಗಳನ್ನು ನೋಡುವ ರೀತಿಯೇ ಬೇರೆಯಾಯಿತು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಲ್ಜಿಯಂನವರು ಆಳುತ್ತಿದ್ದಾಗ ಶಾಲೆ, ಆಡಳಿತದ ಕೆಲಸ ಇವೆಲ್ಲ ಜಾಸ್ತಿ ಸಿಕ್ಕಿದ್ದು ಹೆಮಾಗಳಿಗೆ. 1973ರಲ್ಲಿ ಆಗಿನ ಅಧ್ಯಕ್ಷ ಮೊಬುಟು ಅವರ ಸರ್ಕಾರ ವಿದೇಶಿಯರ ತೋಟ, ಜಮೀನುಗಳನ್ನು ಕಿತ್ತು ಸ್ವದೇಶಿಯರಿಗೆ ಕೊಟ್ಟಾಗ ಓದಿದವರು, ಅಧಿಕಾರಿಗಳ ಪರಿಚಯ ಇದ್ದವರು ಅವನ್ನು ಪಡೆದರು. ಇತುರಿಯಲ್ಲಿ ಅವರಲ್ಲಿ ಹೆಮಾಗಳೇ ಜಾಸ್ತಿ. ಅದೇ ವರ್ಷ ಹೊಸ ಭೂ ಕಾನೂನೂ ಬಂತು. ಯಾರಾದರೂ ಒಂದು ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರೆ, ಎರಡು ವರ್ಷದೊಳಗೆ ಯಾರೂ ತಕರಾರು ಹಾಕದಿದ್ದರೆ, ಅದು ಅವರದ್ದೇ. ಅಲ್ಲಿ ವಾಸ ಇರುವವರನ್ನು ಎಬ್ಬಿಸಬಹುದು. ತಾತನ ಕಾಲದಿಂದ ಉಳುತ್ತಾ ಬಂದ ಹೊಲಕ್ಕೆ ದೂರದ ಪಟ್ಟಣದಲ್ಲಿ ಯಾರೋ ಪತ್ರ ಮಾಡಿಸಿದ್ದಾರೆ ಅಂತ ಹಳ್ಳಿಯ ರೈತನಿಗೆ ಗೊತ್ತಾಗೋದು ಹೇಗೆ? ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

1999ರಲ್ಲಿ ಇತುರಿಯ ಜುಗು ತಾಲೂಕಿನ ವಾಲೆಂಡು ಪಿಟ್ಸಿ ಅನ್ನುವ ಹೋಬಳಿಯಲ್ಲಿ ಹೊತ್ತಿಕೊಂಡಿದ್ದು ಇದೇ. ಕೆಲವು ಹೆಮಾ ತೋಟದ ಮಾಲೀಕರು ಅಧಿಕಾರಿಗಳಿಗೆ ಲಂಚ ಕೊಟ್ಟು ಪತ್ರ ತಿದ್ದಿಸಿ, ಪಕ್ಕದ ಲೆಂಡು ರೈತರ ಹೊಲಗಳನ್ನೂ ಒಳಗೆ ಸೇರಿಸಿಕೊಳ್ಳುತ್ತಿದ್ದಾರೆ ಅನ್ನೋ ಆರೋಪ. ಆಗ ಆ ಪ್ರದೇಶ ಇದ್ದದ್ದು ಉಗಾಂಡಾ ಸೈನ್ಯದ ಕೈಯಲ್ಲಿ. ಅದೇ ವರ್ಷ ಆ ಸೈನ್ಯದ ಜನರಲ್ ಜೇಮ್ಸ್ ಕಜಿನಿ ಒಂದು ಆದೇಶದಲ್ಲಿ ಹೊಸ ಪ್ರಾಂತ್ಯ ಮಾಡಿ, ಹೆಮಾ ಸಮುದಾಯದ ಅಡೆಲ್ ಲೊಟ್ಸೊವೆಯನ್ನು ಗವರ್ನರ್ ಮಾಡಿದರು. ಲೆಂಡುಗಳಿಗೆ ಕಂಡಿದ್ದು ಒಂದೇ: ಜಮೀನೂ ಅವರದ್ದು, ಈಗ ಸರ್ಕಾರವೂ ಅವರದ್ದು. ಅಲ್ಲಿಂದ 2003ರವರೆಗೆ ಐವತ್ತು ಸಾವಿರಕ್ಕೂ ಜಾಸ್ತಿ ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಹೇಳುವ ಅಂದಾಜು. ಐದು ಲಕ್ಷ ಜನ ಮನೆ ಬಿಟ್ಟರು. ಒಂದು ಮಾತನ್ನು ಒತ್ತಿ ಹೇಳಬೇಕು: ಸತ್ತ ಹೆಮಾಗಳಲ್ಲಿ ಬಹಳಷ್ಟು ಜನಕ್ಕೆ ಯಾವ ತೋಟವೂ ಇರಲಿಲ್ಲ. ಹಾಗೇ ಸತ್ತ ಲೆಂಡುಗಳಲ್ಲಿ ಬಹಳಷ್ಟು ಜನ ಯಾರ ಮೇಲೂ ಕತ್ತಿ ಎತ್ತಿದವರಲ್ಲ.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಯಾರಿಗೆ ಎಷ್ಟು ಕೊಡಬೇಕು ಅಂತ ಬರೆಯುವ ಹಾಳೆಯಲ್ಲಿ ಹೆಸರು, ಮನೆಯಲ್ಲಿ ಎಷ್ಟು ಜನ, ಬಂದ ಊರು, ಸಹಿ ಇರುತ್ತದೆ. ಸಮುದಾಯ ಯಾವುದು ಅನ್ನೋ ಅಂಕಣ ಇರಬಾರದು. ಮೇಲಿನ ಕಚೇರಿಯವರು ಕೆಲವೊಮ್ಮೆ ಕೇಳುತ್ತಾರೆ, ಎರಡೂ ಕಡೆಯವರಿಗೆ ಸಮನಾಗಿ ಹೋಗ್ತಿದೆಯಾ ಅಂತ ತೋರಿಸೋಕೆ. ಉದ್ದೇಶ ಒಳ್ಳೆಯದೇ. ಆದರೆ 2002ರ ಸೆಪ್ಟೆಂಬರ್‌ನಲ್ಲಿ ನ್ಯಾಂಕುಂಡೆ ಅನ್ನುವ ಊರಿನ ಆಸ್ಪತ್ರೆಗೆ ನುಗ್ಗಿದ ಗುಂಪುಗಳು ಹಾಸಿಗೆಯಲ್ಲಿ ಮಲಗಿದ್ದ ರೋಗಿಗಳನ್ನು ಯಾವ ಜನ ಅಂತ ನೋಡಿ ಕೊಂದವು. ಮುಂದಿನ ದಿನಗಳಲ್ಲಿ ಆ ಊರಿನಲ್ಲಿ ಸಾವಿರಕ್ಕೂ ಜಾಸ್ತಿ ಹೆಮಾ ಮತ್ತು ಬಿರಾ (ಅಲ್ಲಿನ ಇನ್ನೊಂದು ಸಮುದಾಯ) ಜನ ಸತ್ತರು. ಇಂಥ ಕಡೆ ಯಾರು ಯಾವ ಜನ, ಎಲ್ಲಿ ಮಲಗುತ್ತಾರೆ ಅಂತ ಬರೆದ ಹಾಳೆ ಲ್ಯಾಪ್‌ಟಾಪ್ ಜೊತೆ ಕಳುವಾದರೆ ಏನಾಗಬಹುದು, ಯೋಚನೆ ಮಾಡಿ.

ಅಂಕಣ ತೆಗೆದರೂ ಸಾಲದು. ಇತುರಿಯಲ್ಲಿ ಹೋಬಳಿಗಳ ಹೆಸರೇ ಸಮುದಾಯದ ಹೆಸರು: ವಾಲೆಂಡು ಜಾಟ್ಸಿ, ವಾಲೆಂಡು ಬಿಂಡಿ, ಬಹೆಮಾ ನೋರ್, ಬಹೆಮಾ ಬಾಜೆರೆ. ಬಂದ ಊರು ಅಂತ ಬರೆದರೆ ಅರ್ಧ ಗುಟ್ಟು ಹೊರಗೆ ಬಂದ ಹಾಗೆಯೇ. ಅದಕ್ಕೇ ನಾವು ಊರಿನ ಹೆಸರನ್ನು ಬೇರೆ ಫೈಲಿನಲ್ಲಿ, ಸಂಕೇತ ಸಂಖ್ಯೆಯ ಜೊತೆ ಇಡುತ್ತಿದ್ದೆವು. ಲಾರಿ ಜೊತೆ ಹೋಗುವ ಹಾಳೆಯಲ್ಲಿ ಹೆಸರು, ಸಂಖ್ಯೆ ಮಾತ್ರ, ಹಂಚಿಕೆ ಮುಗಿದ ಸಂಜೆ ಅದು ಎಣಿಸಿ ವಾಪಸ್ ಬರಬೇಕು. ಹೊಸದಾಗಿ ಬಂದ ಹುಡುಗರಿಗೆ ಇದು ಸುಮ್ನೆ ಕಿರಿಕಿರಿ ಅನ್ನಿಸುತ್ತದೆ. ಕೂರಿಸಿಕೊಂಡು ನ್ಯಾಂಕುಂಡೆಯ ಕಥೆ ಹೇಳುತ್ತಿದ್ದೆ.

ಭಾಷೆ ಕೇಳಿ ಯಾರು ಯಾರು ಅಂತ ಗುರುತು ಹಿಡಿಯುತ್ತೇನೆ ಅನ್ನುವವರೂ ಇದ್ದಾರೆ. ಅದೂ ಆಗಲ್ಲ. ಉತ್ತರದ ಹೆಮಾಗಳಾದ ಗೆಗೆರೆ ಜನ ತಲೆಮಾರುಗಳಿಂದ ಲೆಂಡು ಭಾಷೆಯನ್ನೇ ಆಡುತ್ತಾರೆ. ಮದುವೆ ಸಂಬಂಧಗಳೂ ಬೇಕಾದಷ್ಟಿದ್ದವು. ಅವುಗಳಲ್ಲಿ ಎಷ್ಟೋ ಮನೆಗಳು ಯುದ್ಧದಲ್ಲಿ ಒಡೆದುಹೋದವು, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ.

ಇನ್ನು ಬಾಡಿಗೆ. ಗೋದಾಮು ಯಾರ ಹೆಸರಿನಲ್ಲಿದೆ ಅನ್ನೋದು ನಮ್ಮ ಊರುಗಳಲ್ಲಿ ಬರೀ ಲೆಕ್ಕಪತ್ರದ ವಿಷಯ, ಅಲ್ಲಿ ಹಾಗಲ್ಲ. ಬುನಿಯಾದಲ್ಲಿ ಒಂದೇ ಸಮುದಾಯದ ಮಾಲೀಕರಿಂದ ಗೋದಾಮು, ಲಾರಿ, ಕಚೇರಿ ಮೂರನ್ನೂ ಬಾಡಿಗೆಗೆ ತೆಗೆದುಕೊಂಡರೆ ಇನ್ನೊಂದು ಕಡೆಯವರು ಆ ಸಂಸ್ಥೆ ಅವರದ್ದು ಅಂತಲೇ ತೀರ್ಮಾನ ಮಾಡುತ್ತಾರೆ, ಅದರ ಪೆಟ್ಟು ಬೀಳೋದು ರಸ್ತೆಯಲ್ಲಿ ಹೋಗುವ ಚಾಲಕನಿಗೆ. ಬುನಿಯಾದಿಂದ ಉತ್ತರಕ್ಕೆ ಮಹಾಗಿ ಕಡೆ ಹೋಗುವ 27ನೇ ರಾಷ್ಟ್ರೀಯ ರಸ್ತೆಯಲ್ಲಿ ಹೊಂಚು ಹಾಕಿ ದಾಳಿ ಮಾಡಿದ್ದು ಎಷ್ಟು ಸಲವೋ. ಯಾವ ಚಾಲಕ ಯಾವ ದಾರಿಗೆ ಹೋಗಬೇಕು ಅನ್ನೋದನ್ನು ನಾನು ಮೇಜಿನ ಮೇಲೆ ತೀರ್ಮಾನ ಮಾಡುತ್ತಿರಲಿಲ್ಲ. ಚಾಲಕರಲ್ಲೇ ಹಿರಿಯರಾದ ಒಬ್ಬರನ್ನು ಎಲ್ಲರೂ ಮ್ಜೇ ಅಂತ ಕರೆಯುತ್ತಿದ್ದರು, ಸ್ವಾಹಿಲಿ ಭಾಷೆಯಲ್ಲಿ ಹಿರಿಯರು ಅಂತ ಅರ್ಥ. ಹಿಂದಿನ ಸಂಜೆ ಅವರು ಪ್ರತಿಯೊಬ್ಬರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಿ, "ನಾಳೆ ಈತ ಬೇಡ, ಆತ ಹೋಗಲಿ" ಅಂತ ಹೇಳುತ್ತಿದ್ದರು. ಕಾರಣ ನಾನು ಕೇಳುತ್ತಿರಲಿಲ್ಲ, ಬರೆದಿಡುತ್ತಲೂ ಇರಲಿಲ್ಲ. ಹೋಗಲ್ಲ ಅಂದವರ ಸಂಬಳದಲ್ಲಿ ಒಂದು ರೂಪಾಯಿಯಷ್ಟೂ ಕಡಿತ ಆಗದಂತೆ ನೋಡಿಕೊಳ್ಳೋದು ಮಾತ್ರ ನನ್ನ ಪಾಲಿನ ಕೆಲಸ. ಇದಕ್ಕಾಗಿ ಮೇಲಿನವರ ಜೊತೆ ವಾದ ಮಾಡಬೇಕಾಗುತ್ತದೆ. ಮಾಡಲೇಬೇಕು.

2003ರಲ್ಲಿ ಯುರೋಪಿನ ಸೈನ್ಯ, ಆಮೇಲೆ ವಿಶ್ವಸಂಸ್ಥೆಯ ಪಡೆ ಬಂದು ಬುನಿಯಾ ತಣ್ಣಗಾಯಿತು. ಹೆಮಾ ಗುಂಪಿನ ನಾಯಕ ಥಾಮಸ್ ಲುಬಾಂಗಾ ಮಕ್ಕಳ ಕೈಗೆ ಬಂದೂಕು ಕೊಟ್ಟದ್ದಕ್ಕೆ 2012ರಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದಲ್ಲಿ ಶಿಕ್ಷೆಯಾದ ಮೊದಲ ವ್ಯಕ್ತಿ. ಎದುರು ಕಡೆಯ ಜೆರ್ಮೇನ್ ಕಟಾಂಗಾಗೆ ಬೊಗೊರೊ ಹಳ್ಳಿಯ ಹತ್ಯಾಕಾಂಡಕ್ಕಾಗಿ 12 ವರ್ಷ. ಇವೆಲ್ಲ ಆಗಬೇಕಾಗಿತ್ತು, ಆಯಿತು. ಆದರೆ ಹೊಲಗಳ ಪತ್ರ ಮಾತ್ರ ಹಾಗೇ ಉಳಿಯಿತು. 2017ರ ಡಿಸೆಂಬರ್‌ನಲ್ಲಿ ಜುಗುವಿನಲ್ಲಿ ಮತ್ತೆ ಶುರುವಾಯಿತು. ಸಾವಿರಾರು ಜನ ದೋಣಿ ಹತ್ತಿ ಆಲ್ಬರ್ಟ್ ಸರೋವರ ದಾಟಿ ಉಗಾಂಡಾಗೆ ಓಡಿದರು. ಈ ಸಲ ಲೆಂಡು ಕಡೆ ಕೊಡೆಕೊ ಅನ್ನುವ ಗುಂಪು. 1970ರ ದಶಕದಲ್ಲಿ ಬೇಸಾಯದ ಸಹಕಾರ ಸಂಘವಾಗಿ ಹುಟ್ಟಿದ್ದು ಈಗ ಹಲವು ಬಣಗಳ ಮಿಲಿಷಿಯಾ. ಹೆಮಾ ಕಡೆ ಜಾಯಿರ್ ಅನ್ನುವ ಗುಂಪು ಎದ್ದಿತು. ಮೊಂಗ್ಬ್ವಾಲು ಅನ್ನುವ ಊರಿನ ಸುತ್ತಮುತ್ತ ಚಿನ್ನ ಇದೆ, ಗಣಿಗಳಿಗಾಗಿ ಹೊಡೆದಾಟ ಇದೆ, ಆ ದುಡ್ಡಿನಿಂದ ಬಂದೂಕು ಬರುತ್ತದೆ. 2021ರ ಮೇ ತಿಂಗಳಿಂದ ಪ್ರಾಂತ್ಯ ಸೈನ್ಯದ ಆಡಳಿತದಲ್ಲಿದೆ. ಆದರೂ 2022ರ ಫೆಬ್ರವರಿ 1ರ ರಾತ್ರಿ ಪ್ಲೇನ್ ಸಾವೊ ಶಿಬಿರದಲ್ಲಿ ಮಲಗಿದ್ದ ಸುಮಾರು 60 ಜನರನ್ನು ಕೊಡೆಕೊದವರು ಕೊಂದರು. ಒಮ್ಮೆ ಊರು ಬಿಟ್ಟು ಓಡಿ ಬಂದಿದ್ದವರು ಅವರು. ಬೇರೆ ಯಾವ ಸುದ್ದಿಗೂ ನನಗೆ ಅಷ್ಟು ಸಂಕಟ ಆಗಿಲ್ಲ.

ಇಂಥ ಜಾಗದಲ್ಲಿ ಬಿತ್ತನೆ ಬೀಜ ಹಂಚಬೇಕಾದರೆ ನಾನು ಮೊದಲು ಕೇಳಿಸುವ ಪ್ರಶ್ನೆ: ಇವರು ಬಿತ್ತುವ ನೆಲ ಯಾರದ್ದು? ಶಿಬಿರದಲ್ಲಿರುವ ಹೆಂಗಸರು ಬೆಳಿಗ್ಗೆ ಹೊಲಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಾರೆ, ಆ ದಾರಿಯಲ್ಲೇ ಕೊಲೆಗಳಾಗೋದು. ಮಳೆಗಾಲಕ್ಕೆ ಮುಂಚೆ ಬೀಜ ಕೊಟ್ಟುಬಿಟ್ಟೆವು ಅಂತ ವರದಿಯಲ್ಲಿ ಬರೆಯೋದು ಸುಲಭ. ಆ ಬೀಜ ಅವರನ್ನು ತಕರಾರಿನ ನೆಲಕ್ಕೆ ಕರೆದೊಯ್ದರೆ? ಹಾಗಾಗಿ ಎರಡೂ ಕಡೆಯ ಊರಿನ ಮುಖ್ಯಸ್ಥರ ಹತ್ತಿರ, ಬೇರೆಯಾಗಿ ಹೆಂಗಸರ ಹತ್ತಿರ, ಈ ವರ್ಷ ಯಾವ ಹೊಲ ಯಾರು ಉಳುತ್ತಾರೆ ಅಂತ ಕೇಳಬೇಕು. ಹೆಂಗಸರ ಉತ್ತರ ಬಹಳ ಸಲ ಬೇರೆಯೇ ಇರುತ್ತದೆ, ದಿನಾ ಹೊಲಕ್ಕೆ ಹೋಗುವವರು ಅವರೇ ತಾನೆ. ಮೂರೂ ಕಡೆ ಒಂದೇ ಉತ್ತರ ಬಂದ ಊರಿಗೆ ಬೀಜ. ಉತ್ತರ ಬೇರೆ ಬೇರೆ ಬಂದ ಊರಿಗೆ ಆ ಋತುವಿಗೆ ಹಿಟ್ಟು, ಬೀನ್ಸ್ ಮಾತ್ರ. ಅದೂ ಒಂದೇ ಸಲಕ್ಕೆ ರಾಶಿ ಹಾಕದೆ, ಸ್ವಲ್ಪ ಸ್ವಲ್ಪವಾಗಿ, ಬೆಳಿಗ್ಗೆಯೇ, ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುವ ಹಾಗೆ.